ಔಷಧಕ್ಕೆ ಬಗ್ಗದ ಮಲೇರಿಯಾ: ಗಿಡಮೂಲದ ಸಂಯುಕ್ತವನ್ನು ಯಾವ ತಳಿಯ ಮೇಲೆ, ಹೇಗೆ ಪರೀಕ್ಷಿಸಬೇಕು?

ಎಲೆಸಾರ

ಎಲ್ಲರಿಗೂ ನಮಸ್ಕಾರ. ನನ್ನದು ಸಸ್ಯರಸಾಯನ ಕ್ಷೇತ್ರ. ಜ್ವರಕ್ಕೆ ತಲೆತಲಾಂತರದಿಂದ ಬಳಸುತ್ತ ಬಂದ ಒಂದು ಗಿಡದ ಬೇರಿನಿಂದ ಆಲ್ಕಲಾಯ್ಡ್ (ಸಾರಜನಕವಿರುವ, ಹೆಚ್ಚಾಗಿ ಪ್ರತ್ಯಾಮ್ಲ ಗುಣದ ಸಸ್ಯವಸ್ತು) ಇರುವ ಭಾಗವನ್ನು ಬೇರ್ಪಡಿಸಿದ್ದೇನೆ. ಬೇರೊಂದು ಲ್ಯಾಬಿನವರು ಅದನ್ನು ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂನ 3ಡಿ7 ತಳಿಯ ಮೇಲೆ ನೋಡಿಕೊಟ್ಟರು. ಐಸಿ50, ಅಂದರೆ ಪರಾವಲಂಬಿಯ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ, ಪ್ರತಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಒಳಗೇ ಬಂದಿದೆ. ಪ್ರಬಂಧದ ಶೀರ್ಷಿಕೆಯಲ್ಲಿ "ಔಷಧ ಪ್ರತಿರೋಧಿ ಮಲೇರಿಯಾಗೆ ಹೊಸ ಭರವಸೆ" ಅಂತ ಹಾಕೋಣ ಅಂತ ಜೊತೆಗಿರುವವರು ಹೇಳುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಆ ಮಾತು ಹೇಳಬೇಕಾದರೆ ಇನ್ನೂ ಏನೇನು ತೋರಿಸಬೇಕು? ಪರಾವಲಂಬಿ ಬೆಳೆಸಿ ಅನುಭವ ಇರುವವರು ಬಿಡಿಸಿ ಹೇಳಿ.

ಸ್ಲೈಡ್‌ನೋಟ

ನಿಮ್ಮ ಅನುಮಾನ ಸರಿಯಾಗಿದೆ. 3ಡಿ7 ಮಲೇರಿಯಾ ಔಷಧಗಳಾದ ಕ್ಲೋರೋಕ್ವಿನ್‌ಗೂ ಆರ್ಟಿಮಿಸಿನಿನ್‌ಗೂ ಸಾಯುವ ತಳಿ. ಅದನ್ನು ಕೊಲ್ಲುವ ವಸ್ತುಗಳ ಪಟ್ಟಿ ತುಂಬ ಉದ್ದ. ಅದು ಸತ್ತಿತು ಅಂದರೆ ನಿಮ್ಮ ವಸ್ತುವಿಗೆ ಮಲೇರಿಯಾ ವಿರೋಧಿ ಗುಣ ಇದೆ ಎಂದಷ್ಟೇ. ಪ್ರತಿರೋಧದ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಮೊದಲು ಕೇಳಬೇಕಾದ್ದು: ಯಾವ ಔಷಧಕ್ಕೆ ಪ್ರತಿರೋಧ? ಇದು ಒಂದೇ ಕಾಯಿಲೆ ಅಲ್ಲ. ಕ್ಲೋರೋಕ್ವಿನ್ ವಿಷಯ ತೆಗೆದುಕೊಳ್ಳಿ. ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಹೊರಬೀಳುವ ಹೀಮ್ ಎಂಬ ಕಬ್ಬಿಣವಿರುವ ಭಾಗ ಅದಕ್ಕೇ ವಿಷ. ಅದನ್ನು ಹಿಮೋಝೋಯಿನ್ ಎಂಬ ಹರಳಾಗಿ ಕಟ್ಟಿ ಮೂಲೆಗೆ ಹಾಕಿಕೊಂಡು ಬದುಕುತ್ತದೆ. ಕ್ಲೋರೋಕ್ವಿನ್ ಆ ಹರಳು ಕಟ್ಟುವುದನ್ನು ತಡೆಯುತ್ತದೆ. 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್-ಕಾಂಬೋಡಿಯ ಗಡಿಯಲ್ಲೂ ಕೊಲಂಬಿಯಾದಲ್ಲೂ ಕಾಣಿಸಿಕೊಂಡ ಪ್ರತಿರೋಧಿ ತಳಿಗಳು ಮಾಡಿದ್ದೇನೆಂದರೆ, ಪಿಎಫ್‌ಸಿಆರ್‌ಟಿ ಎಂಬ ಸಾಗಣೆ ಪ್ರೋಟೀನನ್ನು ಬದಲಿಸಿಕೊಂಡು ಔಷಧವನ್ನು ತಮ್ಮ ಜೀರ್ಣಕೋಶದಿಂದ, ಅಂದರೆ ಹಿಮೋಗ್ಲೋಬಿನ್ ಜೀರ್ಣವಾಗುವ ಚೀಲದಿಂದ, ಆಚೆ ತಳ್ಳಿದವು. ಇದನ್ನು ನೋಡಲು ಕ್ಲೋರೋಕ್ವಿನ್ ಪ್ರತಿರೋಧಿ ಡಿಡಿ2, ಕೆ1 ತಳಿಗಳಿವೆ. ಇವುಗಳಲ್ಲೊಂದರ ಐಸಿ50 ತೆಗೆದು ಅದನ್ನು 3ಡಿ7ನಂಥ ಸೂಕ್ಷ್ಮ (ಔಷಧಕ್ಕೆ ಸಾಯುವ) ತಳಿಯದರಿಂದ ಭಾಗಿಸಿ. ಉತ್ತರ 1ರ ಹತ್ತಿರ ಬಂದರೆ ನಿಮ್ಮ ಸಂಯುಕ್ತಕ್ಕೆ ಆ ಪ್ರತಿರೋಧ ಅಡ್ಡ ಬರುತ್ತಿಲ್ಲ. ಆಲ್ಕಲಾಯ್ಡ್ ಅಂದಿರಿ, ಹಾಗಾಗಿ ಈ ಪರೀಕ್ಷೆಯನ್ನು ಬಿಡಲೇಬೇಡಿ. ಪ್ರತ್ಯಾಮ್ಲ ಗುಣದ ಅಣುಗಳು ಆ ಆಮ್ಲೀಯ ಜೀರ್ಣಕೋಶದಲ್ಲಿ ಶೇಖರಣೆಯಾಗುವ ಸಾಧ್ಯತೆ ಹೆಚ್ಚು, ಅದೇ ಪ್ರೋಟೀನು ಅವನ್ನೂ ಹೊರಹಾಕಬಹುದು.

ಆದರೆ ಈಗ ಜಗತ್ತು ಹೆದರುತ್ತಿರುವುದು ಕ್ಲೋರೋಕ್ವಿನ್ ಪ್ರತಿರೋಧಕ್ಕಲ್ಲ, ಆರ್ಟಿಮಿಸಿನಿನ್‌ನದಕ್ಕೆ. 2008-09ರಲ್ಲಿ ಪಶ್ಚಿಮ ಕಾಂಬೋಡಿಯದಿಂದ ವರದಿಯಾಯಿತು. 2014ರಲ್ಲಿ ಕೆ13 ಎಂಬ ಜೀನಿನ ರೂಪಾಂತರಗಳೇ ಗುರುತು ಎಂದು ಗೊತ್ತಾಯಿತು. ಈಗ ರುವಾಂಡದಲ್ಲಿ ಆರ್561ಎಚ್, ಉಗಾಂಡದಲ್ಲಿ ಸಿ469ವೈ ಮತ್ತು ಎ675ವಿ ರೂಪಾಂತರಗಳು ಅಲ್ಲೇ ಸ್ವತಂತ್ರವಾಗಿ ಹುಟ್ಟಿ ಹರಡಿವೆ. 2023ರಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಮಂದಿ, ಅದರಲ್ಲಿ ಬಹುಪಾಲು ಆಫ್ರಿಕಾದ ಪುಟ್ಟ ಮಕ್ಕಳು. ಅಲ್ಲಿ ಈ ಔಷಧ ಕೈಕೊಟ್ಟರೆ ಏನಾದೀತೆಂದು ಯೋಚಿಸಲೂ ಭಯವಾಗುತ್ತದೆ.

ಗಿಡಮೂಲದ ಪ್ರಬಂಧಗಳು ಎಡವುವುದು ಇಲ್ಲೇ. ಆರ್ಟಿಮಿಸಿನಿನ್ ಪ್ರತಿರೋಧ ಮಾಮೂಲಿ 72 ಗಂಟೆಯ ಐಸಿ50 ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಕುತೂಹಲಿ

ಕಾಣುವುದೇ ಇಲ್ಲ ಅಂದರೆ ಹೇಗೆ? ಪ್ರತಿರೋಧ ಇದ್ದರೆ ಕೊಲ್ಲಲು ಹೆಚ್ಚು ಔಷಧ ಬೇಕಾಗಬೇಕಲ್ಲ?

ಸ್ಲೈಡ್‌ನೋಟ

ಇಲ್ಲಿ ಹಾಗಾಗುವುದಿಲ್ಲ. ಕೆ13 ರೂಪಾಂತರ ಇರುವ ಪರಾವಲಂಬಿಗೆ ರಕ್ಷಣೆ ಇರುವುದು ಎಳೆಯ ಉಂಗುರ ಹಂತದಲ್ಲಿ, ರಕ್ತಕಣದೊಳಗೆ ಹೊಕ್ಕ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಕೆ13 ಹಿಮೋಗ್ಲೋಬಿನ್ ಒಳಗೆಳೆದುಕೊಳ್ಳುವ ಕೆಲಸಕ್ಕೆ ಬೇಕಾದ ಪ್ರೋಟೀನು. ಅದು ಕುಗ್ಗಿದರೆ ಊಟ ಕಡಿಮೆ, ಹೀಮ್ ಕಡಿಮೆ. ಆರ್ಟಿಮಿಸಿನಿನ್‌ನ ಪೆರಾಕ್ಸೈಡ್ ಸೇತುವೆ (ಎರಡು ಆಮ್ಲಜನಕ ಪರಮಾಣುಗಳ ಕೊಂಡಿ) ಒಡೆದು ಕೆಲಸ ಶುರುವಾಗಬೇಕಾದರೆ ಹೀಮ್‌ನ ಕಬ್ಬಿಣ ಬೇಕೇ ಬೇಕು. ಕಬ್ಬಿಣವಿಲ್ಲದೆ ಔಷಧ ಸುಮ್ಮನೆ ಓಡಾಡಿಕೊಂಡಿರುತ್ತದೆ. ರಕ್ತದಲ್ಲಿ ಅದು ಉಳಿಯುವುದೋ ಅತಿ ಕಡಿಮೆ ಹೊತ್ತು, ಅರ್ಧಾಯುಷ್ಯ ಗಂಟೆಯ ಆಸುಪಾಸು. ಪರಾವಲಂಬಿ ಬೆಳವಣಿಗೆ ನಿಧಾನಿಸಿ, ಮಳೆ ನಿಲ್ಲುವವರೆಗೆ ಸೂರಿನಡಿ ನಿಂತ ಹಾಗೆ ಕಾದು ಆಮೇಲೆ ಮತ್ತೆ ಹೊರಡುತ್ತದೆ. 72 ಗಂಟೆ ಔಷಧದಲ್ಲೇ ಮುಳುಗಿಸಿಟ್ಟರೆ ಮುಂದಿನ ಹಂತಕ್ಕೆ ಬಂದಾಗ ಹೇಗೂ ಸಾಯುತ್ತದೆ. ಐಸಿ50 ಎರಡೂ ತಳಿಗೆ ಹೆಚ್ಚುಕಮ್ಮಿ ಒಂದೇ ಬರುತ್ತದೆ.

ಅದಕ್ಕೇ ಉಂಗುರ ಹಂತದ ಬದುಕುಳಿವಿನ ಪರೀಕ್ಷೆ ಬಂದಿದ್ದು. ಕಣದೊಳಗೆ ಹೊಕ್ಕು 0ಯಿಂದ 3 ಗಂಟೆ ಆಗಿರುವ ಪರಾವಲಂಬಿಗಳನ್ನು ಮಾತ್ರ ಆರಿಸಿಕೊಳ್ಳಬೇಕು. ಆರ್ಟಿಮಿಸಿನಿನ್ ವರ್ಗದ ಡೈಹೈಡ್ರೋಆರ್ಟಿಮಿಸಿನಿನ್ 700 ನ್ಯಾನೋಮೋಲಾರ್, 6 ಗಂಟೆ. ತೊಳೆದು ಔಷಧ ಪೂರ್ತಿ ತೆಗೆದು 66 ಗಂಟೆ ಬೆಳೆಯಲು ಬಿಡಬೇಕು. ಆಮೇಲೆ ಔಷಧ ಹಾಕದ ಬಾಟಲಿಯ ಜೊತೆ ಹೋಲಿಸಿ ಎಷ್ಟು ಉಳಿದಿವೆ ನೋಡಬೇಕು. ಶೇ. 1 ದಾಟಿದರೆ ಪ್ರತಿರೋಧ.

ಎಣಿಕೆಯೇ ಕಷ್ಟದ ಕೆಲಸ. ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಕನಿಷ್ಠ 10,000 ರಕ್ತಕಣ ನೋಡಬೇಕು. ಸತ್ತದ್ದು ಮುದುಡಿದ ದಟ್ಟ ನೇರಳೆ ಚುಕ್ಕೆಯಾಗಿ ಕಾಣುತ್ತದೆ, ಸುತ್ತ ನೀಲಿ ಕೋಶರಸ ಇರುವುದಿಲ್ಲ. ಬದುಕಿದ್ದಕ್ಕೆ ತೆಳು ನೀಲಿ ಅಂಚು, ಒಳಗೆ ಸ್ಪಷ್ಟ ಕೆಂಪು ಕೋಶಕೇಂದ್ರ. ಇವೆರಡರ ನಡುವೆ ಅನುಮಾನ ಬರುವಂಥವು ಸಿಗುತ್ತಲೇ ಇರುತ್ತವೆ. ಹಾಗಾಗಿ ಇಬ್ಬರು ಬೇರೆಬೇರೆಯಾಗಿ, ಯಾವ ಸ್ಲೈಡು ಯಾವ ಬಾಟಲಿಯದೆಂದು ಗೊತ್ತಿಲ್ಲದೆ ಎಣಿಸಬೇಕು. ಉಳಿದದ್ದು ನೂರಕ್ಕೆ ಒಂದೋ ಎರಡೋ ಎಂದು ಹೇಳಬೇಕಾದ ಜಾಗದಲ್ಲಿ ಕಣ್ಣಿನ ಪಕ್ಷಪಾತ ಫಲಿತಾಂಶವನ್ನೇ ತಿರುಗಿಸಿಬಿಡುತ್ತದೆ.

ಎಲೆಸಾರ ಅವರೇ, ನಿಮ್ಮ ಸಂಯುಕ್ತ ಹಾಕಿ ಇದೇ 6 ಗಂಟೆಯ ಪರೀಕ್ಷೆ ಮಾಡಿ. ಕೆ13 ರೂಪಾಂತರಿಯ ಎಳೆಯ ಉಂಗುರಗಳು ಸತ್ತರೆ ಆಗ ಶೀರ್ಷಿಕೆಯ ಬಗ್ಗೆ ಮಾತಾಡೋಣ.

ಕಾಡುಮೂಲಿಕೆ

ಒಂದು ಮಾತು ಹೇಳಲೇಬೇಕು. ಇಲ್ಲಿ ಎಲ್ಲರೂ ಒಂದೇ ಅಣುವನ್ನು ಹೊರತೆಗೆಯುವ ಬಗ್ಗೆಯೇ ಮಾತಾಡುತ್ತಿದ್ದೀರಿ. ಪ್ರತಿರೋಧ ಹುಟ್ಟುವುದೇ ಒಂದೇ ಅಣುವನ್ನು ಬಳಸುವುದರಿಂದಲ್ಲವೇ? ಗಿಡದಲ್ಲಿ ಹತ್ತಾರು ಘಟಕಗಳು ಒಟ್ಟಿಗಿರುತ್ತವೆ. 2015ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ, ಆರ್ಟಿಮಿಸಿನಿನ್ ಸಿಗುವ ಗಿಡವಾದ ಆರ್ಟಿಮಿಸಿಯಾ ಆ್ಯನುವಾದ ಒಣ ಎಲೆಯನ್ನು ಇಡಿಯಾಗಿ ತಿನ್ನಿಸಿದಾಗ ಶುದ್ಧ ಆರ್ಟಿಮಿಸಿನಿನ್‌ಗಿಂತ ಕನಿಷ್ಠ ಮೂರು ಪಟ್ಟು ನಿಧಾನವಾಗಿ ಪ್ರತಿರೋಧ ಬಂತು. ಇದನ್ನು ಯಾಕೆ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ?

ಇನ್ನೂ ಒಂದು. ಆರ್ಟಿಮಿಸಿನಿನ್ ಸಿಕ್ಕಿದ್ದೇ ಹಳೆಯ ಜ್ಞಾನದಿಂದ. 1967ರ ಮೇ 23ರಂದು ಶುರುವಾದ, ಮಲೇರಿಯಾ ಔಷಧ ಹುಡುಕುವ ಚೀನಾದ 523 ಯೋಜನೆಯಲ್ಲಿ ತು ಯೂಯೂ ಅವರ ತಂಡಕ್ಕೆ ಮೊದಮೊದಲು ಈ ಗಿಡದ ಸಾರದಲ್ಲಿ ಸ್ಥಿರವಾದ ಫಲ ಸಿಗಲಿಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟಿದ್ದ ವಿಧಾನದಲ್ಲಿ ಗಿಡವನ್ನು ಕುದಿಸುವ ಮಾತೇ ಇರಲಿಲ್ಲ. ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಅಂತಿತ್ತು. ಬಿಸಿಯೇ ಗುಣ ಕೆಡಿಸುತ್ತಿದೆ ಎಂದು ಆಗ ಅವರಿಗೆ ಹೊಳೆಯಿತು. ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳಲ್ಲಿ ನೂರಕ್ಕೆ ನೂರು ಫಲ ಕೊಟ್ಟಿತು. ಮರುವರ್ಷ ಅವರೂ ಸಹೋದ್ಯೋಗಿಗಳೂ ಅದನ್ನು ಮೊದಲು ತಾವೇ ಸೇವಿಸಿ ಸುರಕ್ಷತೆ ನೋಡಿದರು. 2015ರಲ್ಲಿ ನೊಬೆಲ್ ಬಂತು. ಪಾರಂಪರಿಕ ಜ್ಞಾನ ಗಿಡದ ಹೆಸರನ್ನು ಮಾತ್ರ ಹೇಳಲಿಲ್ಲ, ಬಳಸುವ ಬಗೆಯನ್ನೂ ಹೇಳಿಕೊಟ್ಟಿತು.

ವಾರ್ಡ್‌ವೈದ್ಯೆ

ಕಾಡುಮೂಲಿಕೆ ಅವರು ಹೇಳಿದ ಇತಿಹಾಸ ಸರಿ, ಆ ಇಲಿಗಳ ಅಧ್ಯಯನವೂ ನಿಜ. ಆದರೆ ಅದನ್ನು ಓದಿ ಯಾರಾದರೂ ಎಲೆ ಕಷಾಯ ಕುಡಿದು ಸುಮ್ಮನಾದರೆ ಎಂಬ ಆತಂಕದಿಂದ ಬರೆಯುತ್ತಿದ್ದೇನೆ. ಫಾಲ್ಸಿಪ್ಯಾರಂ ಸೋಂಕು ಬೆಳಿಗ್ಗೆ ಬರೀ ಜ್ವರವಾಗಿದ್ದು ರಾತ್ರಿಯೊಳಗೆ ಮಗು ಪ್ರಜ್ಞೆ ತಪ್ಪುವ ಮಟ್ಟಕ್ಕೆ ಹೋಗಬಲ್ಲದು. ಒಣ ಎಲೆಯಲ್ಲಿ ಆರ್ಟಿಮಿಸಿನಿನ್ ಪ್ರಮಾಣ ಶೇ. 0.01ರಿಂದ 1.4ರವರೆಗೆ ಎಲ್ಲಿ ಬೇಕಾದರೂ ಇರಬಹುದು. ತಳಿ, ಮಣ್ಣು, ಕೊಯ್ಲಿನ ಕಾಲ, ಒಣಗಿಸಿದ ರೀತಿ, ಎಲ್ಲದರ ಮೇಲೂ ಅದು ನಿಂತಿದೆ. ಆ ಅಣು ನೀರಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಪರಾವಲಂಬಿಯನ್ನು ಕೊಲ್ಲದೆ ಅರ್ಧಂಬರ್ಧ ತಾಗುವ ಮಟ್ಟದ ಔಷಧ ರಕ್ತದಲ್ಲಿ ಸುತ್ತಾಡಿದರೆ ಬಲಶಾಲಿಗಳೇ ಆಯ್ಕೆಯಾಗಿ ಉಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಆರ್ಟಿಮಿಸಿಯಾ ಎಲೆಯ ರೂಪದ ಬಳಕೆಯನ್ನು ಬೆಂಬಲಿಸದಿರುವುದು ಇದೇ ಕಾರಣಗಳಿಗೆ.

ಒಂದೇ ಅಣುವಿನ ಅಪಾಯ ವೈದ್ಯರಿಗೂ ಗೊತ್ತು. ಅದಕ್ಕೇ ಆರ್ಟಿಮಿಸಿನಿನ್ ವರ್ಗದ ಔಷಧವನ್ನು ಒಂಟಿಯಾಗಿ ಕೊಡದೆ ದೀರ್ಘಕಾಲ ಉಳಿಯುವ ಇನ್ನೊಂದರ ಜೊತೆ ಕೊಡುವುದು. ಕಾಂಬೋಡಿಯದಲ್ಲಿ ಆ ಜೊತೆಗಾರ ಪಿಪೆರಾಕ್ವಿನ್‌ಗೂ ಪ್ರತಿರೋಧ ಬಂದಾಗಲೇ ಚಿಕಿತ್ಸೆ ನಿಜವಾಗಿ ಸೋಲತೊಡಗಿದ್ದು.

ಜ್ವರ ಇಳಿಯುವುದೂ ಪರಾವಲಂಬಿ ಸಾಯುವುದೂ ಒಂದೇ ಅಲ್ಲ, ಇದನ್ನೂ ಸೇರಿಸುತ್ತೇನೆ. ಜ್ವರಕ್ಕೆ ಕೊಡುವ ಎಷ್ಟೋ ಮೂಲಿಕೆಗಳು ಮೈಬಿಸಿಯನ್ನಷ್ಟೇ ಇಳಿಸುತ್ತವೆ. ಒಳಗೆ ಎಣಿಕೆ ಏರುತ್ತಲೇ ಇರುತ್ತದೆ.

ಕಾಡುಮೂಲಿಕೆ

ಕಷಾಯ ಕುಡಿದು ಸುಮ್ಮನಿರಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಪರೀಕ್ಷೆಯನ್ನು ಯಾವ ತುದಿಯಿಂದ ಶುರುಮಾಡಬೇಕು ಎಂಬುದು ನನ್ನ ಪ್ರಶ್ನೆ. ಮಾಲಿ ದೇಶದಲ್ಲಿ ಉಲ್ಟಾ ದಾರಿ ಹಿಡಿದರು. ಮೊದಲು ಹಳ್ಳಿಗಳಲ್ಲಿ ಯಾವ ಗಿಡ ಬಳಸಿದವರು ನಿಜವಾಗಿ ಗುಣವಾದರು ಅಂತ ಲೆಕ್ಕ ಹಾಕಿದರು. ಆರ್ಜಿಮೋನ್ ಮೆಕ್ಸಿಕಾನಾ, ನಾವು ಅರಿಶಿನ ದತ್ತೂರಿ ಅನ್ನುವ ಹಳದಿ ಹೂವಿನ ಮುಳ್ಳುಗಿಡ, ಮೇಲೆ ಬಂತು. ಆಮೇಲೆ ಅದರ ಕಷಾಯವನ್ನು 301 ರೋಗಿಗಳಲ್ಲಿ ಆರ್ಟಿಮಿಸಿನಿನ್ ಸಂಯುಕ್ತ ಚಿಕಿತ್ಸೆಯ ಜೊತೆ ಹೋಲಿಸಿದರು. ತೀವ್ರ ಮಲೇರಿಯಾಗೆ ತಿರುಗಿದವರು ಎರಡೂ ಗುಂಪಲ್ಲಿ ಶೇ. 5ರ ಒಳಗೇ ಇದ್ದರು. ಮನುಷ್ಯರಲ್ಲಿ ಏನಾಗುತ್ತದೆ ಎಂಬ ಉತ್ತರ ಮೊದಲೇ ಸಿಕ್ಕಿತು. ಅಣು ಯಾವುದು ಎಂಬ ಹುಡುಕಾಟ ಆಮೇಲೆ.

ವಾರ್ಡ್‌ವೈದ್ಯೆ

ಆ ಅಧ್ಯಯನ ನನಗೂ ಇಷ್ಟ, ಅಚ್ಚುಕಟ್ಟಾಗಿ ಮಾಡಿದ್ದಾರೆ. ಆದರೆ ಅಲ್ಲಿ ರಕ್ತದಿಂದ ಪರಾವಲಂಬಿ ಪೂರ್ತಿ ಹೋಗಬೇಕು ಎಂಬ ಗುರಿಯೇ ಇರಲಿಲ್ಲ. ಪದೇಪದೇ ಸೋಂಕಿಗೆ ಒಡ್ಡಿಕೊಂಡು ಮೈಗೆ ಒಂದಷ್ಟು ರಕ್ಷಣೆ ಬಂದಿರುವ ಜಾಗದ ಫಲಿತಾಂಶ ಅದು. ರಕ್ಷಣೆಯೇ ಇಲ್ಲದವರಿಗೆ ಅನ್ವಯಿಸಲಾಗದು. ಅದೇ ಗಿಡದ ಬೀಜದಲ್ಲಿ ಸ್ಯಾಂಗ್ವಿನರೀನ್ ಎಂಬ ವಿಷ ಇದೆ ಎಂಬುದನ್ನೂ ದಯವಿಟ್ಟು ಬರೆಯಿರಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಈ ಬೀಜದ ಎಣ್ಣೆ ಬೆರೆತು ಜನ ಕಾಲು ಊದಿ, ಹೃದಯ ಸೋತು ಸತ್ತಿದ್ದಾರೆ. ಎಲೆ ಯಾವುದು, ಬೀಜ ಯಾವುದು ಅಂತ ಹೇಳದೆ ಗಿಡದ ಹೆಸರಷ್ಟನ್ನೇ ಹೇಳುವುದು ಅಪಾಯ.

ಕಾಡುಮೂಲಿಕೆ

ಒಪ್ಪಿದೆ. ಬೀಜ ಮುಟ್ಟಬಾರದು.

ಅಣುರಚನೆ

ರಸಾಯನದ ಕಡೆಯಿಂದ ಕೆಲವು ಮಾತು. ಎಲೆಸಾರ ಅವರೇ, ನಿಮ್ಮದು ಇನ್ನೂ "ಭಾಗ", ಒಂಟಿ ಸಂಯುಕ್ತ ಅಲ್ಲ. ಮುಂದೆ ಹೋಗುವ ಮೊದಲು ಅದರಲ್ಲಿ ಏನಿದೆ ಅಂತ ಅಣುಗಳನ್ನು ಗುರುತಿಸುವ ವಿಧಾನಗಳಾದ ಮಾಸ್ ಸ್ಪೆಕ್ಟ್ರೋಮೆಟ್ರಿ, ಎನ್‌ಎಂಆರ್ ಹಾಕಿ ನೋಡಿ. ತಿಂಗಳುಗಟ್ಟಲೆ ಬೇರ್ಪಡಿಸಿ ಕೊನೆಗೆ ಎಲ್ಲರಿಗೂ ಗೊತ್ತಿರುವ ಆಲ್ಕಲಾಯ್ಡ್ ಬರ್ಬೆರಿನ್ ಸಿಕ್ಕಿತು ಅಂತಾದರೆ ಮನಸ್ಸು ಮುರಿಯುತ್ತದೆ. ಬರ್ಬೆರಿನ್ ಲ್ಯಾಬಿನ ತಟ್ಟೆಯಲ್ಲಿ ಪರಾವಲಂಬಿಯನ್ನು ಚೆನ್ನಾಗಿಯೇ ಕೊಲ್ಲುತ್ತದೆ, ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವುದು ತೀರ ಕಡಿಮೆ.

ಸುಳ್ಳು ಫಲಿತಾಂಶ ಎಲ್ಲಿಂದ ಬರುತ್ತದೆ ನೋಡಿ. ಗಿಡದ ಸಾರಗಳಲ್ಲಿ ಸ್ಯಾಪೋನಿನ್ (ಸಾಬೂನಿನಂತೆ ನೊರೆ ಬರುವ ವಸ್ತು) ತುಂಬ ಇರುತ್ತದೆ. ರಕ್ತಕಣ ಒಡೆದು ಪರಾವಲಂಬಿಯನ್ನು ಹೊರತೆಗೆಯಲು ಲ್ಯಾಬುಗಳಲ್ಲಿ ಬಳಸುವುದೇ ಸ್ಯಾಪೋನಿನ್ ಅನ್ನು! ನಿಮ್ಮ ಸಾರದಲ್ಲಿ ಅದು ಉಳಿದಿದ್ದರೆ ಕಣವೇ ಒಡೆದು ಮನೆಯಿಲ್ಲದೆ ಪರಾವಲಂಬಿ ಸಾಯುತ್ತದೆ. ಯಂತ್ರ "ಬೆಳವಣಿಗೆ ಇಲ್ಲ" ಎಂದು ತೋರಿಸುತ್ತದೆ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಕಣಗಳು ತಳದಲ್ಲಿ ಕೂತು ಮೇಲಿನ ದ್ರವ ತಿಳಿಯಾಗಿರಬೇಕು. ಇಡೀ ಗುಳಿ ಚೆರ್ರಿ ಬಣ್ಣಕ್ಕೆ ತಿರುಗಿದ್ದರೆ ಕಣಗಳು ಒಡೆದಿವೆ ಎಂದರ್ಥ, ಆ ಅಂಕಿಯನ್ನು ಎಸೆಯಿರಿ. ಪರಾವಲಂಬಿ ಇಲ್ಲದ ಆರೋಗ್ಯವಂತ ಕಣಗಳ ಮೇಲೂ ಸಾರ ಹಾಕಿ ಒಂದು ಸಾಲು ಇಟ್ಟುಕೊಳ್ಳಿ.

ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣದಿಂದ ಅಳೆಯುವ ಎಸ್‌ವೈಬಿಆರ್ ಗ್ರೀನ್ ಪರೀಕ್ಷೆಯಾದರೆ ಬಣ್ಣದ ಸಾರ ಹೊಳಪನ್ನೇ ನುಂಗಿಬಿಡಬಹುದು, ಇಲ್ಲವೇ ತಾನೇ ಹೊಳೆಯಬಹುದು. ಮನುಷ್ಯನ ಕೆಂಪುಕಣದಲ್ಲಿ ಡಿಎನ್‌ಎ ಇಲ್ಲ, ಹೊಳೆಯುವುದೆಲ್ಲ ಪರಾವಲಂಬಿಯದು ಎಂಬ ನಂಬಿಕೆಯ ಮೇಲೆ ಆ ಪರೀಕ್ಷೆ ನಿಂತಿದೆ. ಬರ್ಬೆರಿನ್‌ನಂಥ ಹೊಳೆಯುವ ಆಲ್ಕಲಾಯ್ಡ್ ಇದ್ದರೆ ಆ ನಂಬಿಕೆ ಕೈಕೊಡುತ್ತದೆ. ಪರಾವಲಂಬಿಯ ಕಿಣ್ವವನ್ನು ಅಳೆಯುವ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಪರೀಕ್ಷೆ ಇಲ್ಲವೇ ಸ್ಲೈಡು ನೋಡಿ ಖಚಿತಪಡಿಸಿಕೊಳ್ಳಿ.

ಇನ್ನು ವಿಷತ್ವ. ಪಶ್ಚಿಮ ಆಫ್ರಿಕಾದ ಕ್ರಿಪ್ಟೊಲೆಪಿಸ್ ಸ್ಯಾಂಗ್ವಿನೊಲೆಂಟಾದ ಬೇರಿನಲ್ಲಿರುವ ಕ್ರಿಪ್ಟೊಲೆಪಿನ್ ಪ್ರತಿರೋಧಿ ತಳಿಗಳನ್ನೂ ಕೊಲ್ಲುತ್ತದೆ, ಆದರೆ ನಮ್ಮ ಜೀವಕೋಶದ ಡಿಎನ್‌ಎ ಎಳೆಗಳ ನಡುವೆಯೂ ನುಸುಳಿ ಕೂರುತ್ತದೆ. ಡೈಕ್ರೋವಾ ಫೆಬ್ರಿಫ್ಯೂಗಾ ಎಂಬ ಗಿಡದ ಫೆಬ್ರಿಫ್ಯೂಜಿನ್ ಕೂಡ ಪ್ರಬಲ, ಆದರೆ ವಾಂತಿ, ಯಕೃತ್ತಿನ ತೊಂದರೆ. ಹಾಗಂತ ಅದರ ಕತೆ ಅಲ್ಲಿಗೆ ನಿಲ್ಲಲಿಲ್ಲ. ಅದರ ಸಂಬಂಧಿ ಹ್ಯಾಲೋಫ್ಯೂಜಿನೋನ್ ಎಲ್ಲಿ ತಾಗುತ್ತದೆ ಎಂದು ಹುಡುಕಿದಾಗ ಪ್ರೋಲಿಲ್-ಟಿಆರ್‌ಎನ್‌ಎ ಸಿಂಥಟೇಸ್ ಎಂಬ ಕಿಣ್ವ ಸಿಕ್ಕಿತು. ಪರಾವಲಂಬಿಯ ಕಿಣ್ವಕ್ಕೆ ಮಾತ್ರ ಅಂಟುವ ಅಣು ಕಟ್ಟಬಹುದೇ ಎಂದು ರಸಾಯನಜ್ಞರು ಕೆಲಸ ಮಾಡುತ್ತಿದ್ದಾರೆ. ಮರದ ಲಪಾಕೋಲ್‌ನ ವಂಶದ ನ್ಯಾಫ್ತೋಕ್ವಿನೋನ್‌ಗಳಿಂದ ಮಲೇರಿಯಾ ಔಷಧ ಅಟೊವಾಕ್ವೋನ್‌ವರೆಗೆ ಬಂದ ದಾರಿಯೂ ಹೀಗೆಯೇ. ಗಿಡದ ಅಣುವೇ ಮಾತ್ರೆಯಾಗಬೇಕೆಂದಿಲ್ಲ. ಪರಾವಲಂಬಿಯ ದುರ್ಬಲ ಜಾಗ ಯಾವುದೆಂದು ಅದು ತೋರಿಸಿಕೊಟ್ಟರೂ ದೊಡ್ಡ ಲಾಭವೇ. ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಅತ್ಯಂತ ಫಲವತ್ತಾದ ಜಾಗ ಇದು.

ಡೋಸ್‌ಲೆಕ್ಕ

ಇಲಿಯ ಹಂತದ ಬಗ್ಗೆ ನಾನು ಸೇರಿಸುತ್ತೇನೆ. ನಾಲ್ಕು ದಿನದ ಪೀಟರ್ಸ್ ಪರೀಕ್ಷೆಯಲ್ಲಿ ಪ್ಲಾಸ್ಮೋಡಿಯಂ ಬರ್ಗಿ ಬಳಸುತ್ತಾರೆ. ಅದು ದಂಶಕಗಳ ಪರಾವಲಂಬಿ, ಮನುಷ್ಯನಿಗೆ ತಾಗುವುದಿಲ್ಲ, ಫಾಲ್ಸಿಪ್ಯಾರಂನ ಪ್ರತಿರೋಧಿ ತಳಿಯೂ ಅಲ್ಲ. ಮೊದಲ ಜರಡಿಯಾಗಿ ಸರಿ, ಅಷ್ಟೇ. ಮನುಷ್ಯರ ರಕ್ತಕಣ ತುಂಬಿದ, ರೋಗನಿರೋಧಕ ಶಕ್ತಿ ತೆಗೆದ ಎನ್‌ಎಸ್‌ಜಿ ಇಲಿಗಳಲ್ಲಿ ಫಾಲ್ಸಿಪ್ಯಾರಂ ಅನ್ನೇ ಬೆಳೆಸಿ ನೋಡಬಹುದು. ಖರ್ಚು ಹೆಚ್ಚು, ಉತ್ತರ ಹೆಚ್ಚು ನಂಬಬಹುದಾದದ್ದು.

ಡೋಸಿನ ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. "ಕಿಲೋಗೆ 500 ಮಿಲಿಗ್ರಾಂ ಸಾರ ಕೊಟ್ಟಾಗ ಪರಾವಲಂಬಿ ಇಳಿಯಿತು" ಎಂದು ಬರೆಯುತ್ತಾರೆ. ಇಲಿಯ ಡೋಸನ್ನು ಮನುಷ್ಯನಿಗೆ ತರಲು ಸುಮಾರು 12.3ರಿಂದ ಭಾಗಿಸುತ್ತಾರೆ. ಕಿಲೋಗೆ 40 ಮಿಲಿಗ್ರಾಂ ಚಿಲ್ಲರೆ ಆಯಿತು. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 2.4 ಗ್ರಾಂ ಗಟ್ಟಿಸಾರ. ವಾಂತಿ ಮಾಡುತ್ತಿರುವ ರೋಗಿಗೆ ಅದನ್ನು ಕುಡಿಸಲು ಸಾಧ್ಯವೇ ಎಂದು ಬರೆಯುವಾಗಲೇ ಕೇಳಿಕೊಳ್ಳಬೇಕು.

ಅರಿಶಿನದ ಕುರ್ಕುಮಿನ್ ಇದಕ್ಕೆ ಸರಿಯಾದ ಪಾಠ. ತಟ್ಟೆಯಲ್ಲಿ ಫಾಲ್ಸಿಪ್ಯಾರಂ ವಿರುದ್ಧ ಅದರ ಐಸಿ50 ಸುಮಾರು 5 ಮೈಕ್ರೋಮೋಲಾರ್ ಎಂಬ ವರದಿ ಇದೆ. ಜನ ದಿನಕ್ಕೆ 8 ಗ್ರಾಂ ನುಂಗಿದರೂ ರಕ್ತದಲ್ಲಿ ಸಿಕ್ಕಿದ್ದು 2 ಮೈಕ್ರೋಮೋಲಾರ್ ಆಸುಪಾಸು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಇದನ್ನು ಒಂಟಿಯಾಗಿ ಬಿಡದೆ ಆರ್ಟಿಮಿಸಿನಿನ್ ವರ್ಗದ ಔಷಧದ ಜೊತೆ ಇಲಿಗಳಲ್ಲಿ ನೋಡಿತು. ಮರುಕಳಿಕೆ ತಡೆಯುವುದರಲ್ಲಿ ಜೋಡಿ ಒಳ್ಳೆಯ ಫಲ ಕೊಟ್ಟಿತು. ಕಾಡುಮೂಲಿಕೆ ಅವರ ಮಾತಿನ ತಿರುಳು ಈ ದಾರಿಯಲ್ಲಿ ಉಳಿದುಕೊಳ್ಳುತ್ತದೆ, ಡೋಸೂ ನಮ್ಮ ಹಿಡಿತದಲ್ಲಿರುತ್ತದೆ.

ಕುತೂಹಲಿ

ಹಳೆಯ ಔಷಧಗಳನ್ನೇ ಸ್ವಲ್ಪ ಕಾಲ ನಿಲ್ಲಿಸಿ ಮತ್ತೆ ತರಲಾಗದೇ? ಹೊಸದನ್ನು ಹುಡುಕುವುದು ಇಷ್ಟು ಕಷ್ಟ ಅಂತಾದರೆ.

ಸ್ಲೈಡ್‌ನೋಟ

ಮಲಾವಿಯಲ್ಲಿ 1993ರಲ್ಲಿ ಕ್ಲೋರೋಕ್ವಿನ್ ನಿಲ್ಲಿಸಿದರು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಮತ್ತೆ ಶೇ. 99ರಷ್ಟು ಕೆಲಸ ಮಾಡಿತು. ಎಲ್ಲ ಕಡೆ ಹೀಗಾಗಲಿಲ್ಲ, ಆದರೂ ಸಾಧ್ಯ. ಮತ್ತೆ ಅದನ್ನು ಒಂಟಿಯಾಗಿ ಬಿಟ್ಟರೆ ಪ್ರತಿರೋಧಿಗಳು ಮರಳಲು ತಡವಾಗದು.

ಎಲೆಸಾರ

ಎಲ್ಲರಿಗೂ ಕೃತಜ್ಞತೆ. ಶೀರ್ಷಿಕೆಯಿಂದ "ಪ್ರತಿರೋಧಿ" ಪದ ತೆಗೆಯಲು ಜೊತೆಗಿರುವವರನ್ನು ಒಪ್ಪಿಸಿದೆ. ಆರೋಗ್ಯವಂತ ಕಣಗಳ ಮೇಲೆ ಸಾರ ಹಾಕಿ ನೋಡುವುದು ಮೊದಲು, ಆಮೇಲೆ ಮಾಸ್ ಸ್ಪೆಕ್ಟ್ರೋಮೆಟ್ರಿ, ಹೆಪ್‌ಜಿ2 ಯಕೃತ್ ಕೋಶಗಳ ಮೇಲೆ ವಿಷತ್ವ. ಇವೆಲ್ಲ ದಾಟಿದರೆ ಡಿಡಿ2, ಕೊನೆಗೆ ಉಂಗುರ ಹಂತದ ಪರೀಕ್ಷೆ. ಎರಡು ಪ್ರಶ್ನೆ ಉಳಿದಿವೆ: ವಿಷತ್ವದಲ್ಲಿ ಎಷ್ಟು ಅಂತರ ಇರಬೇಕು? ಕೆ13 ತಳಿ ಯಾವುದನ್ನು ತರಿಸಿಕೊಳ್ಳಬೇಕು?

ಅಣುರಚನೆ

ನಮ್ಮ ಕೋಶಕ್ಕೆ ತಾಗುವ ಸಾಂದ್ರತೆ ಪರಾವಲಂಬಿಗೆ ತಾಗುವುದಕ್ಕಿಂತ ಕನಿಷ್ಠ 10 ಪಟ್ಟು ಮೇಲಿರಬೇಕು, 100 ಪಟ್ಟಿದ್ದರೆ ನೆಮ್ಮದಿ. ಡಿಎಂಎಸ್ಒ ದ್ರಾವಕ ಶೇ. 0.5 ದಾಟದಂತೆ ನೋಡಿಕೊಳ್ಳಿ. ದ್ರಾವಕ ಮಾತ್ರ ಹಾಕಿದ ಗುಳಿ ಪ್ರತಿ ತಟ್ಟೆಯಲ್ಲೂ ಇರಲಿ.

ಸ್ಲೈಡ್‌ನೋಟ

ತಳಿಗಳಿಗೆ ಎಂಆರ್4 ಸಂಗ್ರಹವಿದೆ, ಬಿಇಐ ರಿಸೋರ್ಸಸ್ ಮೂಲಕ ಸಂಸ್ಥೆಯ ಹೆಸರಲ್ಲಿ ಅರ್ಜಿ ಹಾಕಬೇಕು. ಒಂದೇ ರೂಪಾಂತರಿ ತಳಿ ತರಿಸಬೇಡಿ, ಜೋಡಿ ಕೇಳಿ. ಕಾಂಬೋಡಿಯದ ರೋಗಿಯಿಂದ ಬಂದ ತಳಿಯನ್ನು 3ಡಿ7 ಜೊತೆ ಹೋಲಿಸಿದರೆ ಅವೆರಡರ ನಡುವೆ ನೂರಾರು ಜೀನುಗಳ ವ್ಯತ್ಯಾಸ ಇರುತ್ತದೆ, ನಿಮ್ಮ ಫಲಿತಾಂಶ ಯಾವುದರಿಂದ ಬಂತೆಂದು ಹೇಳಲಾಗದು. ಕೆ13ರ ಸಿ580ವೈ ರೂಪಾಂತರ ಇರುವ ತಳಿ, ಮತ್ತು ಅದೇ ತಳಿಯಲ್ಲಿ ಆ ಒಂದು ಜಾಗವನ್ನು ಮಾತ್ರ ಹಿಂದಿನಂತೆ ತಿದ್ದಿದ ಅದರ ಜೊತೆಗಾರ, ಇವೆರಡನ್ನೂ ಒಂದೇ ದಿನ, ಒಂದೇ ದಾನಿಯ ರಕ್ತದಲ್ಲಿ ನಡೆಸಿ. ಡೈಹೈಡ್ರೋಆರ್ಟಿಮಿಸಿನಿನ್‌ಗೆ ಎರಡರ ನಡುವೆ ಅಂತರ ಕಾಣಬೇಕು. ಕಾಣದಿದ್ದರೆ ಒಂದೇ ವಯಸ್ಸಿನ ಎಳೆಯ ಉಂಗುರಗಳನ್ನು ಆರಿಸಿಕೊಂಡದ್ದು ಸರಿಯಾಗಿಲ್ಲ, ನಿಮ್ಮ ಸಂಯುಕ್ತದ ಅಂಕಿಯನ್ನೂ ಆ ದಿನ ಬರೆದುಕೊಳ್ಳಬೇಡಿ. ಅಂತರ ಕಂಡು, ನಿಮ್ಮ ಸಂಯುಕ್ತಕ್ಕೆ ಎರಡೂ ಒಂದೇ ಪ್ರಮಾಣದಲ್ಲಿ ಸತ್ತರೆ, ಸ್ಲೈಡುಗಳ ಫೋಟೊ ಇಲ್ಲಿ ಹಾಕಿ. ಎರಡನೇ ಎಣಿಕೆಗೆ ನಾನಿದ್ದೇನೆ.